ಮೂರನೇ ಕೂಗು

ಸುಬಾಂಗ್ ಜಯಾ
18 ಅಕ್ಟೋಬರ್ 2020

ಪ್ರೀತಿಯ ಮಾಂಯ್,

ನಮ್ಮ ಮದುವೆ ಆಯಿತು, ನಾನು ನಿಮ್ಮ ಸೊಸೆ ಆಲಿಶಾ, ಈ ಎರಡನ್ನೂ ಮೊದಲ ಸಾಲಿನಲ್ಲೇ ಹೇಳದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ! ಹೋದ ವಾರದ ಶನಿವಾರ, ಹತ್ತನೇ ತಾರೀಖು. ಚರ್ಚಿನಲ್ಲಿ ಪಾದ್ರಿಗಳನ್ನೂ ಸೇರಿಸಿ ಹದಿನಾರು ಜನ. ಬೆಂಚಿಗೆ ಇಬ್ಬರಂತೆ, ಎಲ್ಲರ ಮುಖಕ್ಕೂ ಮಾಸ್ಕ್. ನನ್ನ ಮಾಸ್ಕಿಗೆ ನಾನೇ ಮುತ್ತು ಪೋಣಿಸಿದ್ದೆ, ಉಸಿರಾಡುವಾಗಲೆಲ್ಲ ಒಂದು ಮುತ್ತು ಮೂಗಿಗೆ ಚುಚ್ಚುತ್ತಿತ್ತು. ಮಲೇಷ್ಯಾಕ್ಕೆ ಬರಲಾಗದೆ ಮಂಗಳೂರಿನಿಂದ ಅಪ್ಪ ಅಮ್ಮ ಜೂಮ್‌ನಲ್ಲಿ ನೋಡಿದರು. ಸರಿಯಾಗಿ ಉಂಗುರ ಹಾಕುವ ಹೊತ್ತಿಗೆ ಅಪ್ಪ ಬಾಯಿ ತೆರೆದ ಭಂಗಿಯಲ್ಲೇ ನಿಂತುಹೋದರು. ನಾಲ್ಕು ದಿನದಲ್ಲಿ ಮತ್ತೆ ನಿರ್ಬಂಧ ಬಂತು. ನೋಡಿ, ನಮ್ಮ ಅದೃಷ್ಟ ಎಷ್ಟು ಗಟ್ಟಿ.

ನೀವು ಬರಲಾಗಲಿಲ್ಲ ಎಂಬುದೊಂದೇ ಬೇಸರ. ರಿಚರ್ಡ್ ಫೋನ್ ಮಾಡಿದ್ದನಂತೆ, ನಿಮಗೆ ಕೇಳಿಸಲಿಲ್ಲವಂತೆ. "ಅಮ್ಮಂಗೆ ಎರಡೂ ಕಿವಿ ಹೋಗಿದೆ, ಕಾಗದ ಒಂದೇ ದಾರಿ" ಅಂದ. ಹಾಗಾದರೆ ಬರೆಯೋಣ ಎಂದರೆ ಬೇರೆ ಕಡೆ ನೋಡಿದ. ಈ ಗಂಡಸರಿಗೆ ಎಷ್ಟು ಸೋಮಾರಿತನ! ನಿಮ್ಮ ತೈಪಿಂಗ್ ವಿಳಾಸ ಅವನ ಹಳೆಯ ಶಾಲಾ ಸರ್ಟಿಫಿಕೇಟಿನ ಹಿಂಭಾಗದಲ್ಲಿ ಸಿಕ್ಕಿತು. ನನಗೆ ಕೊಂಕಣಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನಿಮಗೆ ಇಂಗ್ಲಿಷ್ ಓದುವುದು ಕಷ್ಟವೆಂದು ಕೇಳಿದೆ. ಆದ್ದರಿಂದ ಇದು ನನ್ನ ಹತ್ತನೇ ಕ್ಲಾಸಿನ ಕನ್ನಡ. ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದಿ ಕಳುಹಿಸಿ. ನಾನು ಇಲ್ಲಿ ಒಂದು ಕಾಲೇಜಿನಲ್ಲಿ ಪಾಠ ಮಾಡುವವಳು, ಕೆಂಪು ಪೆನ್ನಿಗೆ ಹೆದರುವುದಿಲ್ಲ.

ನಿಮ್ಮ ಮಗನ ಬಗ್ಗೆ ದೂರು ಹೇಳಲೇ? ಒಂದೇ ಸಲ ಕರೆದರೆ ಅವನು ಓಗೊಡುವುದಿಲ್ಲ. ಅಡುಗೆಮನೆಯಿಂದ "ರಿಚ್" ಎಂದರೆ ಸದ್ದಿಲ್ಲ. ಮತ್ತೊಮ್ಮೆ ಕರೆದರೂ ಇಲ್ಲ. ಮೂರನೇ ಸಲಕ್ಕೆ, ನನ್ನ ದನಿಯಲ್ಲಿ ಸಿಟ್ಟು ಬಂದ ಮೇಲೆ, "ಹಾಂ, ಬಂದೆ" ಅನ್ನುತ್ತಾನೆ. ಮೊದಲ ಸಲವೇ ಕೇಳಿಸಿರುತ್ತದೆ, ಅದು ನನಗೆ ಗೊತ್ತು. ನನಗಿದು ಎಷ್ಟು ಮುದ್ದಾಗಿ ಕಾಣುತ್ತದೆ ಗೊತ್ತೇ?

ನೀವು ಬೇಟೆಗಾರರಿಗಾಗಿ ಕೈಯಿಂದಲೇ ಮರದ ಕೂಗುಪೆಟ್ಟಿಗೆ ಮಾಡುತ್ತೀರಂತೆ, ಮುಚ್ಚಳ ಉಜ್ಜಿದರೆ ಟರ್ಕಿ ಕೋಳಿಯ ಹಾಗೆ ಕೂಗುತ್ತದಂತೆ. ಇದನ್ನು ಹೇಳಿದ್ದು ರಿಚರ್ಡ್ ಅಲ್ಲ, ಅವನ ಶಾಲಾ ಗೆಳೆಯ ಗುರುದತ್. ನನಗೂ ಮದುವೆಯ ಉಡುಗೊರೆಯಾಗಿ ಒಂದು ಬೇಕು. ದಯವಿಟ್ಟು.

ಅಪಾರ ಪ್ರೀತಿಯಿಂದ,
ನಿಮ್ಮ ಆಲಿಶಾ


ತೈಪಿಂಗ್
9 ನವೆಂಬರ್ 2020

ಪ್ರೀತಿಯ ಆಲಿಶಾ ಅವರಿಗೆ,

ನಿಮ್ಮ ಕಾಗದ ತಲುಪಿತು. ದೇವರು ನಿಮ್ಮಿಬ್ಬರಿಗೂ ಒಳ್ಳೆಯದು ಮಾಡಲಿ. ರಿಚರ್ಡನಿಗೆ ನನ್ನ ಆಶೀರ್ವಾದ ತಿಳಿಸಿ. ತಿಳಿಸುವುದು ಬೇಡ ಎಂದು ನಿಮಗೆ ಕಂಡರೆ ಬೇಡ.

ಫೋನ್ ವಿಷಯ ನನಗೆ ಗೊತ್ತಿಲ್ಲ. ಬಂದಿರಬಹುದು. ನಾನು ಇರುವುದು ಕಾಂತಮ್ಮನವರ ದಿನಸಿ ಅಂಗಡಿಯ ಹಿಂಭಾಗದಲ್ಲಿ. ಫೋನ್ ಎತ್ತುವವರು ಅವರೇ. ಅವರು ಕೋಲಾರದ ಕಡೆಯವರು, ಅರ್ಧ ತಮಿಳು ಅರ್ಧ ಕನ್ನಡ. ನಿಮ್ಮ ಲಕೋಟೆಯನ್ನು ತಂದು ತಕ್ಕಡಿಯ ಮೇಲಿಟ್ಟು, "ಏನ್ ಅನ್ನಿಬಾಯಿ, ನಿನ್ ಸೊಸೆ ಬರ್ದಿದ್ದು ಕಾಗ್ದಾನೋ ಬೇಳೆ ಮೂಟೇನೋ" ಎಂದು ಚೀಟಿಯಲ್ಲಿ ಬರೆದು ತೋರಿಸಿದರು.

ಪೆಟ್ಟಿಗೆ ಕಳುಹಿಸಿದ್ದೇನೆ. ಡಬ್ಬಿ ಹಲಸಿನದು, ಮುಚ್ಚಳ ಮಹಾಗನಿ. ಮುಚ್ಚಳದ ಒಳಮೈಗೆ ಸೀಮೆಸುಣ್ಣ ಸವರಬೇಕು. ಎಣ್ಣೆ ಕೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡು ತಗುಲಿದರೆ ದನಿ ಸಾಯುತ್ತದೆ. ಮುಚ್ಚಳವನ್ನು ಡಬ್ಬಿಯ ಅಂಚಿಗೆ ಮೂರು ಸಲ ಎಳೆಯಿರಿ. ಮೂರನೇ ಕೂಗು ಒಡೆಯುತ್ತದೆ. ಅದು ದೋಷವಲ್ಲ. ಯಾರಾದರೂ ಸರಿಮಾಡಿಕೊಡುತ್ತೇನೆ ಎಂದರೂ ಕೊಡಬೇಡಿ.

ರಿಚರ್ಡ್ ಮನೆಯಲ್ಲಿ ಇಲ್ಲದಾಗ ಬಾರಿಸಿ.

ಅನ್ನಿ


ಸುಬಾಂಗ್ ಜಯಾ
30 ನವೆಂಬರ್ 2020

ಪ್ರೀತಿಯ ಮಾಂಯ್,

ನನ್ನನ್ನು "ನೀವು" ಎಂದು ಕರೆದರೆ ನಾನು ಯಾವುದೋ ಕಚೇರಿಯವಳು ಅನ್ನಿಸುತ್ತದೆ. ನೀನು ಅನ್ನಿ, ಪ್ಲೀಸ್.

ಪೆಟ್ಟಿಗೆ! ಅಂಗೈಯಲ್ಲಿ ಹಿಡಿದರೆ ಯಾವುದೋ ಪುಟ್ಟ ದೋಣಿಯ ಹಾಗಿದೆ. ಗೋಡೆ ಎಷ್ಟು ತೆಳು ಎಂದರೆ ಬೆಳಕಿಗೆ ಹಿಡಿದಾಗ ಕೆಂಪಗೆ ಕಾಣುತ್ತದೆ. ರಿಚರ್ಡ್ ಮಮಕ್ ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿಕೊಂಡು ಬರಲು ಹೋದಾಗ ಬಾಲ್ಕನಿಯಲ್ಲಿ ನಿಂತು ಬಾರಿಸಿದೆ. ಮೊದಲೆರಡು ಕೂಗು ಸಾಕ್ಷಾತ್ ಕೋಳಿ. ಮೂರನೆಯದು ಹಳೆಯ ಬಾಗಿಲಿನ ಹಾಗೆ ಸೀಳಿತು, ನಗು ಬಂತು. ನಮ್ಮ ಕೆಳಗೆ ಅರ್ಧಕ್ಕೆ ನಿಂತ ಕಟ್ಟಡದ ಖಾಲಿ ಜಾಗವಿದೆ. ಕೆಲಸಗಾರರು ಹೋದ ಮೇಲೆ ಹುಲ್ಲು ಆಳೆತ್ತರ ಬೆಳೆದಿದೆ. ಎಲ್‌ಆರ್‌ಟಿ ರೈಲಿನ ಓಡಾಟ ಕಡಿಮೆಯಾದ ಮೇಲೆ ಊರು ಎಷ್ಟು ಸುಮ್ಮನಾಗಿದೆ ಎಂದರೆ, ನಾನು ಬಾರಿಸಿ ನಿಲ್ಲಿಸಿದ ಮೇಲೂ ಆ ಕೂಗು ಹುಲ್ಲಿನೊಳಗೆ ಎಲ್ಲೋ ಕುಳಿತಿದೆ ಅನ್ನಿಸಿತು. ಹನ್ನೊಂದನೇ ಮಹಡಿಯಲ್ಲಿ ನಿಂತಿದ್ದರೂ ಒಂದು ಹೆಜ್ಜೆ ಹಿಂದಕ್ಕೆ ಇಟ್ಟೆ. ಹುಚ್ಚು ನನಗೆ.

ಅಷ್ಟರಲ್ಲಿ ರಿಚರ್ಡ್ ಬಂದುಬಿಟ್ಟಿದ್ದ. ಲಿಫ್ಟಿನಿಂದ ಇಳಿದವನು ಬಾಗಿಲ ಹೊರಗೇ ನಿಂತಿದ್ದನಂತೆ, ಎಷ್ಟು ಹೊತ್ತು ಎಂದು ಗೊತ್ತಿಲ್ಲ. ನಾಸಿ ಲೆಮಾಕ್ ಅನ್ನದ ಪೊಟ್ಟಣ ಕೈಯಲ್ಲೇ ತಣ್ಣಗಾಗಿತ್ತು. ನಾನು ಪೆಟ್ಟಿಗೆ ತೋರಿಸಿ, ಮಾಂಯ್ ಕೊಟ್ಟಿದ್ದು ಎಂದೆ. "ಮೂರನೇದು ಕೇಳಿಸ್ತು," ಅಂದ, "ಚೆನ್ನಾಗಿ ಕೇಳಿಸ್ತು." ಅವನ ಕಣ್ಣಲ್ಲಿ ನೀರಿತ್ತು. ನಿಮ್ಮ ನೆನಪು ಬಂದಿರಬೇಕು. ಅಷ್ಟು ಪ್ರೀತಿ ಇಟ್ಟುಕೊಂಡು ಕಾಗದ ಬರೆಯದ ಮಗನನ್ನು ಏನೆನ್ನಬೇಕು?

ಡಿಸೆಂಬರ್ 7ರಿಂದ ರಾಜ್ಯಗಳ ನಡುವೆ ಓಡಾಡಬಹುದು ಎನ್ನುತ್ತಿದ್ದಾರೆ. ಕ್ರಿಸ್‌ಮಸ್‌ಗೆ ಬರುತ್ತೇವೆ. ಬ್ರಿಕ್‌ಫೀಲ್ಡ್ಸ್‌ನಲ್ಲಿ ಬೆಳ್ತಿಗೆ ಅಕ್ಕಿ ಸಿಗುತ್ತದೆ, ಸನ್ನಾ ನಾನೇ ಮಾಡುತ್ತೇನೆ.

ಅಂದ ಹಾಗೆ, ಮೂರನೇ ಕೂಗನ್ನು ಬೇಕೆಂದೇ ಒಡೆಯುವುದು ಯಾಕೆ?

ನಿಮ್ಮ ಆಲಿಶಾ


ತೈಪಿಂಗ್
12 ಡಿಸೆಂಬರ್ 2020

ಪ್ರೀತಿಯ ಆಲಿಶಾ,

ನೀನು ಕೇಳಿದ್ದಕ್ಕೆ ಉತ್ತರ. ರಿಚರ್ಡನ ಪಪ್ಪ ಆರ್ಥರ್ ಇಲ್ಲಿನ ಪೀಠೋಪಕರಣದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಅಲ್ಲಿಗೆ ಮಾಲು ನೋಡಲು ಬಂದ ಅಮೆರಿಕದವನೊಬ್ಬ ಅವರಿಗೆ ಟರ್ಕಿ ಕರೆಯುವ ಪೆಟ್ಟಿಗೆ ಕೊಟ್ಟ. ನಾನು ಅದನ್ನು ಬಿಚ್ಚಿ ನೋಡಿ, ಹಲಸಿನಲ್ಲಿ ಇನ್ನೊಂದು ಮಾಡಿದೆ. ಅದು ಹವ್ಯಾಸವಾಯಿತು. ದೊಡ್ಡವು ಟರ್ಕಿಗೆ, ಅವು ಅಮೆರಿಕಕ್ಕೆ ಅಂಚೆಯಲ್ಲಿ ಹೋಗುತ್ತವೆ. ಚಿಕ್ಕವು ಇಲ್ಲಿನ ಕಾಡುಕೋಳಿಗೆ. ಈಗ ಕಿವಿ ಕೇಳದ ಕಾರಣ ಡಬ್ಬಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚಳ ಎಳೆಯುತ್ತೇನೆ. ದನಿ ದವಡೆಯಲ್ಲಿ ಗೊತ್ತಾಗುತ್ತದೆ.

ಬೇಟೆಗಾರ ಪೊದೆಯೊಳಗೆ ಅಡಗಿ ಕುಳಿತು ಪೆಟ್ಟಿಗೆ ಬಾರಿಸುತ್ತಾನೆ. ಹಕ್ಕಿ ಬರುತ್ತದೆ. ಆದರೆ ಆ ದನಿ ಇನ್ನೊಬ್ಬ ಬೇಟೆಗಾರನಿಗೂ ಕೇಳುತ್ತದೆ. ಅವನಿಗೆ ಕಾಣುವುದು ಪೊದೆ ಮಾತ್ರ. ಅದಕ್ಕೇ ನನ್ನ ಪೆಟ್ಟಿಗೆಗಳ ಅಂಚಿನಲ್ಲಿ ಒಂದು ಕಡೆ ಉಗುರಿನಷ್ಟು ತಗ್ಗು ಬಿಡುತ್ತೇನೆ. ಪ್ರತಿ ಎಳೆತಕ್ಕೆ ಮುಚ್ಚಳ ಸ್ವಲ್ಪ ಮುಂದೆ ಸರಿದು, ಮೂರನೇ ಕೂಗು ಅಲ್ಲಿ ಒಡೆಯುತ್ತದೆ. ಹಕ್ಕಿಗೆ ಅದು ಲೆಕ್ಕಕ್ಕಿಲ್ಲ. ಈ ಕಡೆಯ ಬೇಟೆಗಾರರಿಗೆಲ್ಲ ಗೊತ್ತು: ಮೂರನೆಯದು ಒಡೆದರೆ ಅಲ್ಲಿರುವುದು ಮನುಷ್ಯ. ಮೂರು ಕೂಗು ಮುಗಿಯುವವರೆಗೆ ಯಾರೂ ಬಂದೂಕು ಎತ್ತುವುದಿಲ್ಲ.

ಕ್ರಿಸ್‌ಮಸ್‌ಗೆ ಬರುವುದು ಬೇಡ. ಕಾಂತಮ್ಮನ ಮನೆಗೆ ಬಣ್ಣ ಹೊಡೆಸುತ್ತಿದ್ದಾರೆ. ವಾಸನೆ.

ಅನ್ನಿ


ಸುಬಾಂಗ್ ಜಯಾ
20 ಜನವರಿ 2021

ಪ್ರೀತಿಯ ಮಾಂಯ್,

ಮತ್ತೆ ಬಾಗಿಲು ಮುಚ್ಚಿತು. ಐದು ವಾರ ರಸ್ತೆ ತೆರೆದಿತ್ತು, ನಿಮ್ಮಲ್ಲಿ ಬಣ್ಣದ ವಾಸನೆ, ಇವನಿಗೆ ಆಫೀಸಿನ ಕೆಲಸ. ನಾನು ಒಬ್ಬಳೇ ಸನ್ನಾ ಮಾಡಿ ಒಬ್ಬಳೇ ತಿಂದೆ. ದೂರುತ್ತಿಲ್ಲ. ಸ್ವಲ್ಪ ದೂರುತ್ತಿದ್ದೇನೆ.

ಆದರೆ ಒಂದು ಖುಷಿಯ ಸಂಗತಿ ಇದೆ! ನನ್ನ ಬಳಿ ಈಗ ನಿಮ್ಮ ಎರಡು ಪೆಟ್ಟಿಗೆಗಳಿವೆ. ಸ್ಟೋರ್ ರೂಮಿನಲ್ಲಿ ಹಳೆಯ ಸೂಟ್‌ಕೇಸಿನೊಳಗೆ, ಟವೆಲ್‌ನಲ್ಲಿ ಸುತ್ತಿದ ಇನ್ನೊಂದು ಸಿಕ್ಕಿತು. ಚಿಕ್ಕದು. ಮುಚ್ಚಳದ ಮೇಲೆ ನೀವೇ ಕೊರೆದ 50 ಎಂಬ ಅಂಕಿ, ಸುತ್ತ ಬಳ್ಳಿ. ಒಂದು ಮೂಲೆ ಸೀಳಿದೆ, ಒಳಗೆ ಕಪ್ಪು ಕಲೆ. ಆದರೂ ಮಾಂಯ್, ಅದರ ದನಿ! ಮೂರೂ ಕೂಗು ನುಣುಪು, ಎಲ್ಲೂ ಒಡೆಯುವುದೇ ಇಲ್ಲ. ಕಣ್ಣು ಮುಚ್ಚಿದರೆ ಹೆಣ್ಣುಕೋಳಿ ಮಡಿಲಲ್ಲೇ ಕೂತಂತೆ. ಇದಕ್ಕೆ ಯಾಕೆ ತಗ್ಗು ಬಿಡಲಿಲ್ಲ? ನೀವು ಮಾಡಿದ್ದರಲ್ಲೆಲ್ಲ ಇದೇ ಶ್ರೇಷ್ಠ ಎಂದು ಈ ಕಿವಿಗೆ ತೋರುತ್ತದೆ.

ಸೀಮೆಸುಣ್ಣ ಅದರ ಮೇಲೆ ಹಳೆಯದಲ್ಲ, ತಾಜಾ ಇತ್ತು. ರಿಚರ್ಡ್ ಅದನ್ನು ಬಾರಿಸುತ್ತಾನೆ, ಮಾಂಯ್. ನಾನು ಪಾಠ ಮಾಡುತ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಾಗ. ನಿನ್ನೆ ಮಧ್ಯಾಹ್ನ ತರಗತಿ ಬೇಗ ಮುಗಿಯಿತು, ಹೋಗಿ ನೋಡಿದರೆ ಸ್ಟೋರಿನ ನೆಲದಲ್ಲಿ ಕುಳಿತು ಪೆಟ್ಟಿಗೆಯನ್ನು ಕಿವಿಗೆ ಒತ್ತಿಕೊಂಡಿದ್ದ. ಮೂರು ಸಲ ಎಳೆಯುವುದು, ನಿಲ್ಲುವುದು, ಮತ್ತೆ ಮೂರು ಸಲ. ನನ್ನನ್ನು ನೋಡಿ ಕೇಳಿದ, "ಮೂರನೇದು ಒಡೀತಲ್ವಾ?" ಇಲ್ಲ ಎಂದೆ. "ಸರಿಯಾಗಿ ಕೇಳು. ತುಂಬಾ ಸಣ್ಣಗೆ ಇದೆ. ನಂಗೂ ಮೊದ್ಲು ಗೊತ್ತಾಗಿರಲಿಲ್ಲ." ಮತ್ತೆ ಬಾರಿಸಿದ. ಇಲ್ಲ ಎಂದೇ ಹೇಳಿದೆ, ನಕ್ಕೆ ಕೂಡ. ನಿನ್ನ ಕಿವಿಗೆ ಡಾಕ್ಟರ್ ಬೇಕು ಲಾ ಎಂದೆ. ಅವನು ನಗಲಿಲ್ಲ.

ಇದು ಯಾವ ಪೆಟ್ಟಿಗೆ ಎಂದು ಬರೆಯಿರಿ. ಅವನು ಹೇಳುತ್ತಿಲ್ಲ.

ನಿಮ್ಮ ಆಲಿಶಾ


ಸುಬಾಂಗ್ ಜಯಾ
3 ಮಾರ್ಚ್ 2021

ಮಾಂಯ್,

ಆರು ವಾರವಾಯಿತು, ನಿಮ್ಮ ಕಾಗದವಿಲ್ಲ. ಅಂಗಡಿಗೆ ಫೋನ್ ಮಾಡಿದೆ. ಕಾಂತಮ್ಮನವರು ನೀವು ಚೆನ್ನಾಗಿಯೇ ಇದ್ದೀರಿ, ಆದರೆ ಬರೆಯುವುದು ಹರಿಯುವುದು, ಬರೆಯುವುದು ಹರಿಯುವುದು ಮಾಡುತ್ತಿದ್ದೀರಿ ಎಂದರು. ಅವರ ಅಂಗಡಿಯ ಕಾಗದವೆಲ್ಲ ಖಾಲಿಯಾಯಿತಂತೆ. ನಾನು ಏನಾದರೂ ತಪ್ಪು ಬರೆದೆನೇ?

ಇಲ್ಲಿ ಮನೆ ಸರಿಯಿಲ್ಲ. ರಿಚರ್ಡ್ ಈಗ ಬಚ್ಚಿಡುವುದಿಲ್ಲ. ಬೆಳಿಗ್ಗೆ ಕಾಫಿಗೆ ಮೊದಲು ಮೂರು ಕೂಗು. ಮೀಟಿಂಗ್ ಮುಗಿಸಿ ಮೂರು ಕೂಗು. ಪ್ರತಿ ಸಲ ನನ್ನ ಮುಖ ನೋಡುತ್ತಾನೆ. ಮೊನ್ನೆ ನಾನು ಬೇಸತ್ತು, ಹೌದು, ಒಡೆಯಿತು, ಕೇಳಿಸಿತು ಎಂದುಬಿಟ್ಟೆ. ಅವನಿಗೆ ಸಮಾಧಾನವಾಗಬಹುದು ಎಂದುಕೊಂಡಿದ್ದೆ. ಅವನು ಹೋಗಿ ಮಲಗಿದವನು ಎರಡು ದಿನ ಏಳಲಿಲ್ಲ. ಯಾವುದೋ ತೀರ್ಪು ಕೊಟ್ಟವಳ ಹಾಗೆ ನಾನು ಬಾಗಿಲಲ್ಲಿ ನಿಂತಿದ್ದೆ, ಏನು ಅಪರಾಧ ಎಂದು ಮಾತ್ರ ಗೊತ್ತಿಲ್ಲ.

ಕೆಳಗಿನ ಹುಲ್ಲಿನಲ್ಲಿ ಗಾಳಿ ಆಡಿದರೆ ಈಗ ನಾನೂ ಎಣಿಸುತ್ತೇನೆ. ಒಂದು, ಎರಡು.

ಪಪ್ಪ ಹೇಗೆ ತೀರಿಕೊಂಡರು? ಕಾಡಿನಲ್ಲಿ ಜಾರಿ ಬಿದ್ದು ಎಂದು ರಿಚರ್ಡ್ ಹೇಳಿದ್ದ. ನಾನು ಮತ್ತೆ ಕೇಳಿರಲಿಲ್ಲ.

ಆಲಿಶಾ


ತೈಪಿಂಗ್
19 ಜೂನ್ 2021

ಮಗಳೇ,

ತಡವಾಯಿತು. ನೀನು ತಪ್ಪು ಬರೆಯಲಿಲ್ಲ.

ಆ ಪೆಟ್ಟಿಗೆ ಆರ್ಥರ್ ಜೊತೆ ಮಣ್ಣಿಗೆ ಹೋಗಿದೆ ಎಂದು ನಾನು ಹದಿನಾರು ವರ್ಷ ನಂಬಿದ್ದೆ. ಶವಪೆಟ್ಟಿಗೆಯಲ್ಲಿ ಇಡಲು ರಿಚರ್ಡನ ಕೈಗೆ ನಾನೇ ಕೊಟ್ಟಿದ್ದೆ. ಅವನು ಇಟ್ಟಿರಲಿಲ್ಲ.

2004ರಲ್ಲಿ ಆರ್ಥರ್‌ಗೆ ಐವತ್ತು ತುಂಬಿತು. ಅವರ ಗೆಳೆಯರು ಯಾವಾಗಲೂ ನನ್ನನ್ನು ಗೇಲಿ ಮಾಡುತ್ತಿದ್ದರು, "ಅನ್ನಿಬಾಯಿ, ನಿಮ್ಮ ಕೋಳಿಗೆ ಎಂತ ಯಾವಾಗಲೂ ಶೀತವಾ" ಎಂದು. ನಾನು ಮಾಡಿದ ಪೆಟ್ಟಿಗೆಗಳೆಲ್ಲ ಕೊನೆಗೆ ಒಡೆಯುವವೇ. ಒಂದೇ ಒಂದು ಸಲ ಒಡೆಯದ್ದು ಮಾಡಬೇಕು, ನನ್ನ ಕೈಗೆ ಅದು ಸಾಧ್ಯ ಎಂದು ತೋರಿಸಬೇಕು ಅನ್ನಿಸಿತು. ನಾಲ್ಕು ತಿಂಗಳು ಮಾಡಿದೆ. ತಗ್ಗು ಬಿಡಲಿಲ್ಲ. ಇದು ಷೋಕೇಸಿನಲ್ಲಿ ಇಡಲು, ಕಾಡಿಗಲ್ಲ ಎಂದು ಆರ್ಥರ್‌ಗೆ ಹೇಳಿದೆ. ಅವರು ನಕ್ಕು ಕಿಸೆಗೆ ಹಾಕಿಕೊಂಡರು. ಆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಅಪ್ಪ ಮಗ ಕಾಡಿಗೆ ಹೋದರು. ಹಕ್ಕಿ ಸಿಗದೆ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಬಂದೂಕು ರಿಚರ್ಡನ ಕೈಯಲ್ಲಿತ್ತು. ಅವನಿಗೆ ಹದಿನೆಂಟು. ಪೊದೆಯಿಂದ ಕೂಗು ಬಂತು. ಅವನು ಕಲಿತಂತೆ ಕಾದ. ಮೂರೂ ಕೂಗು ಕೇಳಿದ. ಆಮೇಲೆ ಗುಂಡು ಹಾರಿಸಿದ.

ಅವನು ನಿನಗೆ ಹೇಳಬೇಕಿದ್ದ ಮಾತು ಇದು, ನಾನು ಹೇಳುತ್ತಿದ್ದೇನೆ. ಕ್ಷಮಿಸು. ಆದರೆ ನಾನು ಹೇಳಬೇಕಾದದ್ದು ಬೇರೆ ಇದೆ.

ಅಪಘಾತ ಎಂದು ದಾಖಲಾಯಿತು. ಅಪ್ಪನ ಕಿಸೆಯಲ್ಲಿ ಯಾವ ಪೆಟ್ಟಿಗೆ ಇತ್ತು ಎಂಬುದು ಅವನಿಗೆ ಗೊತ್ತಿರಲಿಲ್ಲ. ಒಡೆಯದ ಪೆಟ್ಟಿಗೆ ಈ ಮನೆಯಲ್ಲಿ ಇದೆ ಎಂಬುದೇ ಗೊತ್ತಿರಲಿಲ್ಲ. ಮಣ್ಣು ಮಾಡುವ ದಿನ ಬೆಳಿಗ್ಗೆ, ಶವದ ಹತ್ತಿರ, ನನ್ನ ಕೈ ಹಿಡಿದು ಕೇಳಿದ, "ಅಮ್ಮಾ, ಮೂರನೇದು ಒಡೆದಿತ್ತಲ್ವಾ? ನಾನೇ ಕೇಳಿಸ್ಕೊಳ್ಳಲಿಲ್ಲ ಅಲ್ವಾ?"

ನಾನು ಹೂಂ ಎಂದೆ.

ಅಷ್ಟೇ ನಾನು ಹೇಳಿದ್ದು. ಮನೆ ತುಂಬ ಜನ, ಎಲ್ಲರೂ ನನ್ನನ್ನು ಅಪ್ಪಿ ಅಳುತ್ತಿದ್ದರು. ನಾಳೆ ಹೇಳುತ್ತೇನೆ ಎಂದುಕೊಂಡೆ. ಮಾರನೆಯ ದಿನ, ನಲವತ್ತು ದಿನದ ಪೂಜೆಯಾದ ಮೇಲೆ ಎಂದುಕೊಂಡೆ. ಆಮೇಲೆ ಅವನು ನಿಲಾಯ್‌ಗೆ ಓದಲು ಹೋದ. ರಜೆಗೆ ಬರಲಿಲ್ಲ. ಅವನು ನನ್ನಿಂದ ಮುಖ ಮರೆಸಿದ್ದು ನಾಚಿಕೆಯಿಂದ ಎಂದು ನನಗೆ ಗೊತ್ತಿತ್ತು, ಮತ್ತು ಅದು ನನಗೆ ಅನುಕೂಲವಾಯಿತು. ಇದನ್ನು ಬರೆಯಲಾಗದೆ ಹರಿದದ್ದು. ಅವನು ಹತ್ತಿರ ಬಂದಿದ್ದರೆ ನಾನು ಹೇಳಬೇಕಾಗುತ್ತಿತ್ತು.

ಅವನು ಎಷ್ಟು ಬಾರಿಸಿದರೂ ಅದು ಒಡೆಯುವುದಿಲ್ಲ, ಮಗಳೇ. ಅವನು ಕೇಳುವ ಆ ಸಣ್ಣ ಬಿರುಕು ನನ್ನ ಹೂಂ. ಅವನ ಕಿವಿ ಅವತ್ತು ತಪ್ಪಿರಲಿಲ್ಲ.

ಇದನ್ನು ಅವನಿಗೆ ಓದಿ ಹೇಳು. ನಿನಗೆ ಆಗದಿದ್ದರೆ ಅವನ ಕೈಗೆ ಕೊಡು. ಆಮೇಲೆ ನೀವಿಬ್ಬರೂ ನನಗೆ ಬರೆಯದಿದ್ದರೂ ನಾನು ಏನೂ ಕೇಳುವುದಿಲ್ಲ.

ನಾಲ್ಕು ತಿಂಗಳಿನಿಂದ ಉಳಿ ಮುಟ್ಟಿಲ್ಲ.

ಅನ್ನಿ


ಸುಬಾಂಗ್ ಜಯಾ
12 ಅಕ್ಟೋಬರ್ 2021

ಮಾಂಯ್,

ನಿಮ್ಮ ಕಾಗದ ಬಂದದ್ದು ಜೂನ್ ಕೊನೆಗೆ. ಅದನ್ನು ನಾನು ಮೂರು ತಿಂಗಳು ನನ್ನ ಲ್ಯಾಪ್‌ಟಾಪ್ ಚೀಲದಲ್ಲಿ ಇಟ್ಟುಕೊಂಡೆ. ನಿಮ್ಮ ಮೇಲೆ ಮೊದಲು ಬಂದದ್ದು ಸಿಟ್ಟು. ಹದಿನಾರು ವರ್ಷ ಒಬ್ಬ ತಾಯಿ ಹೇಗೆ ಸುಮ್ಮನಿದ್ದಾಳು ಎಂದು ಕೇಳಲು ಕಾಗದ ತೆಗೆದುಕೊಂಡು ಕುಳಿತೆ. ಆಗ ರಿಚರ್ಡ್ ಒಳಗೆ ಬಂದ, ನಾನು ಲಕೋಟೆಯನ್ನು ಪುಸ್ತಕದ ಕೆಳಗೆ ಸರಿಸಿದೆ. ಮಾರನೆಯ ದಿನ ಹೇಳುತ್ತೇನೆ ಎಂದುಕೊಂಡೆ. ಆಮೇಲೆ ಅವನ ಲಸಿಕೆ ಮುಗಿಯಲಿ ಎಂದುಕೊಂಡೆ. ಅಷ್ಟು ಹೊತ್ತಿಗೆ ನಿಮಗೆ ಬರೆಯಬೇಕಿದ್ದ ಸಿಟ್ಟಿನ ಮಾತೆಲ್ಲ ನನಗೇ ಅನ್ವಯಿಸತೊಡಗಿತ್ತು. ಜುಲೈಯಲ್ಲಿ ನಮ್ಮ ಮಹಡಿಯಲ್ಲಿ ಎರಡು ಸಾವಾಯಿತು. ಲಿಫ್ಟಿನ ಮುಂದೆ ಬಿಳಿ ಉಡುಪಿನವರು ನಿಂತಿದ್ದಾಗ ಇವನು ಸ್ಟೋರಿನಲ್ಲಿ ಮೂರು ಕೂಗು ಬಾರಿಸುತ್ತಿದ್ದ. ಗೊತ್ತಿದ್ದೂ ಕೇಳುತ್ತ ಕೂರುವುದು ಎಂದರೇನು ಎಂದು ಅವತ್ತು ತಿಳಿಯಿತು.

ಸೆಪ್ಟೆಂಬರ್ 25, ಶನಿವಾರ ಬೆಳಿಗ್ಗೆ, ತಿಂಡಿ ತಿನ್ನುವಾಗ ಓದಿದೆ. ಪೂರ್ತಿ ಓದಿದೆ, ನಿಲ್ಲಿಸದೆ. ಅವನು ತಟ್ಟೆ ನೋಡುತ್ತಿದ್ದ. ಮುಗಿದ ಮೇಲೆ, ಶವದ ಹತ್ತಿರ ಕೇಳಿದ ಆ ಸಾಲನ್ನು ಇನ್ನೊಮ್ಮೆ ಓದು ಎಂದ. ಓದಿದೆ. ನಂತರದ ಸಾಲನ್ನೂ ಓದು ಎಂದ. ಓದಿದೆ. ಎದ್ದು ಹೋಗಿ ಪೆಟ್ಟಿಗೆ ತಂದ. ಸೀಮೆಸುಣ್ಣ ಸವರಿದ. ಈ ಸಲ ಕಿವಿಗೆ ಒತ್ತಿಕೊಳ್ಳದೆ, ಮೇಜಿನ ಮೇಲೆ ಹಿಡಿದು, ಮೂರು ಸಲ ಎಳೆದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಒಡೆದಿಲ್ಲ," ಅಂದ.

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೇಳಿದ, "ಇಷ್ಟ್ ದಿನ ನಾನು ಏನ್ ಕೇಳಿಸ್ಕೊಳ್ತಿದ್ದೆ?"

ನಾನು ಕಾಗದವನ್ನು ಅವನ ಕಡೆ ಸರಿಸಿದೆ. ಕಾಗದ ಯಾವಾಗ ಬಂತು ಎಂದ. ಹೇಳಿದೆ. ಅವನು ಕಾರಿನ ಕೀಲಿ ತೆಗೆದುಕೊಂಡು ಹೋದವನು ಸಂಜೆ ಬಂದ. ಆಮೇಲೆ ಎರಡು ವಾರ ನಿಮ್ಮ ಹೆಸರೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಮನೆ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೆ ನಾನು ಹೆದರಿದಷ್ಟು ಕೂಗಿಗೆ ಹೆದರಿರಲಿಲ್ಲ. ನನ್ನ ಮೇಲಿನ ಸಿಟ್ಟೋ ನಿಮ್ಮ ಮೇಲಿನದೋ ಎಂದು ಕೇಳಲೂ ಆಗಲಿಲ್ಲ. ಅವನು ನಿಮ್ಮನ್ನು ಕ್ಷಮಿಸಿದ್ದಾನೆ ಎಂದು ನಾನು ಬರೆಯಲಾರೆ. ನನ್ನನ್ನು ಕ್ಷಮಿಸಿದ್ದಾನೆಯೇ ಎಂದೂ ಗೊತ್ತಿಲ್ಲ. ಒಳ್ಳೆಯ ಸುದ್ದಿಯಾದರೆ ಬಾಯಿಬಿಟ್ಟು ಹೇಳುವವಳು ನಾನು, ನಿಮಗೆ ಗೊತ್ತಲ್ಲ.

ಮೊನ್ನೆ ಭಾನುವಾರ ಟಿವಿಯಲ್ಲಿ ಹೇಳಿದರು, ಎರಡೂ ಲಸಿಕೆ ಆದವರು ಯಾವ ರಾಜ್ಯಕ್ಕೆ ಬೇಕಾದರೂ ಹೋಗಬಹುದು ಎಂದು. ನಾನು ಸುಮ್ಮನೆ ಪಾತ್ರೆ ತೊಳೆಯುತ್ತಿದ್ದೆ. ಅವನು ಅಡುಗೆಮನೆಗೆ ಬಂದು ನೀರು ಕುಡಿದ. ಲೋಟ ಕೆಳಗಿಟ್ಟು, "ಅಮ್ಮಂಗೆ ಕಾಗ್ದ ಬರಿ," ಎಂದ. ಏನೆಂದು ಬರೆಯಲಿ ಎಂದೆ. "ದಿನ, ರೈಲು. ಅಷ್ಟು ಸಾಕು. ಬೇರೆ ಏನೂ ಬರೀಬೇಡ."

ಎಷ್ಟು ಟಿಕೆಟ್ ಎಂದು ಕೇಳಿದೆ. ಹೊರಗೆ ಹೋಗುತ್ತಿದ್ದವನು ತಿರುಗಲಿಲ್ಲ.

"ನನ್ನ ಪಾಸ್‌ಪೋರ್ಟ್ ನಂಬರ್ ಗೊತ್ತಲ್ವಾ ನಿಂಗೆ, ಟಿಕೆಟ್ಟಿಗೆ ಅದನ್ನೂ ಹಾಕು."

ಬೇರೆ ಏನೂ ಬರೆಯಬೇಡ ಎಂದಿದ್ದ. ಇಷ್ಟು ಬರೆದೆ, ಅದು ನನ್ನ ತಪ್ಪು. ಅವನು ಹೇಳಿದ್ದು ಇಷ್ಟು:

ಅಕ್ಟೋಬರ್ 23, ಶನಿವಾರ. ಕೆ.ಎಲ್. ಸೆಂಟ್ರಲ್‌ನಿಂದ ಬೆಳಿಗ್ಗೆ ಹೊರಡುವ ಇಟಿಎಸ್ ರೈಲು, ಮಧ್ಯಾಹ್ನ ಹನ್ನೆರಡೂವರೆಗೆ ತೈಪಿಂಗ್. ಮೂರನೇ ಬೋಗಿ. ಇಬ್ಬರು.